ನಯಕ್ಕೊಂದು ಮೇರೆ

ಹೊಸ ವಸ್ತುವಿನ ಮೇಲಿನ ಒಂದು ಗೀರು ಹಳೆಯ ವಸ್ತುವಿನ ಮೇಲಿನ ನೂರು ಗೀರುಗಳಿಗಿಂತ ಹೆಚ್ಚು ನೋಯಿಸುತ್ತದೆ. ಮನೆಯ ಹಳೆಯ ಕೊಡದ ತಗ್ಗುಗಳನ್ನು ಯಾರೂ ಎಣಿಸುವುದಿಲ್ಲ. ಅದು ಎಷ್ಟು ಸಲ ಬಾವಿಯ ಕಟ್ಟೆಗೆ ತಾಗಿತೋ ಬಲ್ಲವರಾರು? ಆದರೆ ನಿನ್ನೆ ತಂದ ತಂಬಿಗೆಯ ಮೇಲೆ ಕೂದಲೆಳೆಯಂಥ ಗೆರೆಯೊಂದು ಕಂಡರೆ ಸಾಕು, ಅದನ್ನು ಬೆಳಕಿಗೆ ಹಿಡಿಯುತ್ತೇವೆ, ಬಟ್ಟೆಯಿಂದ ಉಜ್ಜುತ್ತೇವೆ, ಮತ್ತೆ ಬೆಳಕಿಗೆ ಹಿಡಿಯುತ್ತೇವೆ. ಹಣ ಕೊಟ್ಟವನು ವಸ್ತುವನ್ನು ಮಾತ್ರ ಕೊಂಡಿಲ್ಲ. ಅದರ ಹೊಸತನವನ್ನೂ ಕೊಂಡಿದ್ದಾನೆ. ಗೀರು ಆ ಹೊಸತನವನ್ನು ಕದ್ದುಬಿಟ್ಟಿತೆಂದು ಅವನಿಗೆ ತೋರುತ್ತದೆ. ಆದುದರಿಂದ ಗೀರನ್ನು ಕಂಡೊಡನೆ ಅವನಿಗೆ ಏಳುವ ಮೊದಲ ಆಸೆ ಅದನ್ನು ಅಳಿಸುವುದು. ಅದೇಕೆ ಬಂತೆಂದು ಕೇಳುವ ಆಸೆ ಆಮೇಲಿನದು.

ತಂಬಿಗೆಯ ವಿಷಯದಲ್ಲಿ ಈ ಆತುರದಿಂದ ನಷ್ಟವೇನೂ ಇಲ್ಲ. ಎಲ್ಲ ವಸ್ತುಗಳೂ ತಂಬಿಗೆಯಂತಲ್ಲ. ಹೊಸ ರೈಫಲ್ಲೊಂದನ್ನು ಕೊಂಡು ತಂದವನು ಅದರ ಬೋಲ್ಟನ್ನು ಹೊರಕ್ಕೆಳೆದು ನೋಡುತ್ತಾನೆ. ಕನ್ನಡಿಯಂತೆ ಇರಬೇಕಾದ ಉಕ್ಕಿನ ಮೇಲೆ ಉದ್ದಕ್ಕೆ ಒಂದು ಗೀರು ಬಿದ್ದಿದೆ. ಹಿಂದಕ್ಕೂ ಮುಂದಕ್ಕೂ ಆಡಿಸಿದರೆ ಒಂದು ಕಡೆ ಮರಳು ಸಿಕ್ಕಿದಂತೆ ಕರಕರ ಎನ್ನುತ್ತದೆ. ಎಮೆರಿ ಕಾಗದವೂ ಒಂದು ಹನಿ ಎಣ್ಣೆಯೂ ಕೈಗೆಟುಕುವಂತಿವೆ. ಉಜ್ಜಬಹುದೆ? ಎಷ್ಟು ಉಜ್ಜಬಹುದು? ಇದು ಕಮ್ಮಾರನ ಪ್ರಶ್ನೆಯೆಂದು ತೋರಿದರೂ ಬರಿಯ ಕಮ್ಮಾರನ ಪ್ರಶ್ನೆಯಲ್ಲ. ಯಾವುದನ್ನು ನಯಗೊಳಿಸಬೇಕು, ಯಾವುದನ್ನು ನಯಗೊಳಿಸಬಾರದು ಎಂಬುದು ನಡತೆಯ ಪ್ರಶ್ನೆಯೂ ಹೌದು. ಉಕ್ಕಿನಲ್ಲಿ ಅದರ ಉತ್ತರ ಸ್ಪಷ್ಟವಾಗಿ ಕಾಣುತ್ತದೆಯಾದುದರಿಂದ ಅಲ್ಲಿಂದಲೇ ಮೊದಲುಮಾಡೋಣ.

ಬೋಲ್ಟು ಎಂಬುದು ಬಾಗಿಲಿನ ಅಗುಳಿಯಿದ್ದಂತೆ. ಹಿಡಿಕೆಯನ್ನು ಮೇಲಕ್ಕೆತ್ತಿ ಹಿಂದಕ್ಕೆಳೆದರೆ ಸುಟ್ಟ ತೋಟಾ ಹೊರಕ್ಕೆ ಹಾರುತ್ತದೆ. ಮುಂದಕ್ಕೆ ತಳ್ಳಿದರೆ ಹೊಸ ತೋಟಾ ನಳಿಗೆಯ ಹಿಂಬದಿಯ ಕೋಣೆಯನ್ನು ಸೇರುತ್ತದೆ. ಹಿಡಿಕೆಯನ್ನು ಕೆಳಕ್ಕೆ ಮಡಿಸಿದರೆ ಬೋಲ್ಟಿನ ಗೂಟಗಳು ತಮಗಾಗಿ ಕೊರೆದ ಗೂಡಿನಲ್ಲಿ ತಿರುಗಿ ಕಚ್ಚಿಕೊಳ್ಳುತ್ತವೆ. ಜರ್ಮನಿಯ ಪೌಲ್ ಮೌಸರನ 1898ರ ಮಾದರಿಯಲ್ಲಿ ಬೋಲ್ಟಿನ ತಲೆಯ ಬಳಿ ಇಂಥ ಎರಡು ಗೂಟಗಳೂ, ಅವು ಕೈಕೊಟ್ಟರೆ ಇರಲೆಂದು ಹಿಂದುಗಡೆ ಮೂರನೆಯದೊಂದೂ ಇದ್ದವು. ಇಂದಿಗೂ ತಯಾರಾಗುವ ಅನೇಕ ಬೇಟೆಯ ಮತ್ತು ಗುರಿಯ ರೈಫಲ್ಲುಗಳು ಆ ಮಾದರಿಯ ಮಕ್ಕಳು, ಮೊಮ್ಮಕ್ಕಳು.

ಅಗುಳಿಗೆ ಇಷ್ಟು ಭದ್ರತೆ ಏಕೆಂಬುದನ್ನು ತಿಳಿಯಬೇಕಾದರೆ ಅದು ಏನನ್ನು ತಡೆದು ನಿಲ್ಲಿಸುತ್ತದೆ ಎಂಬುದನ್ನು ನೋಡಬೇಕು. 1906ರಲ್ಲಿ ಅಮೆರಿಕದ ಸೈನ್ಯ ಬಳಕೆಗೆ ತಂದ .30-06 ತೋಟಾ ಇಂದಿಗೂ ಚಾಲ್ತಿಯಲ್ಲಿದೆ. ಅದರ ಮದ್ದು ಹತ್ತಿಕೊಂಡಾಗ ಕೋಣೆಯೊಳಗಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 4,000 ಕಿಲೋಗ್ರಾಂವರೆಗೆ ಏರುತ್ತದೆ. ಒಂದು ಚದರ ಸೆಂಟಿಮೀಟರೆಂದರೆ ಕಿರುಬೆರಳಿನ ಉಗುರಿನಷ್ಟು ಜಾಗ. ಆ ಜಾಗದ ಮೇಲೆ ಆನೆಯ ಭಾರ ಬೀಳುತ್ತದೆ. ಅದರ ಹಿಂದೆ ಒಂದು ಗೇಣಿನೊಳಗೆ ಗುಂಡು ಹಾರಿಸುವವನ ಕಣ್ಣೂ ಕೆನ್ನೆಯೂ ಇರುತ್ತವೆ. ನಡುವೆ ಇರುವುದು ಆ ಗೂಟಗಳು ಮಾತ್ರ.

ಈಗ ಗೀರಿಗೆ ಬರೋಣ. ಹೊಸ ಬೋಲ್ಟಿನ ಮೇಲೆ ಗೀರು ಬೀಳುವುದಕ್ಕೆ ಕಾರಣಗಳು ಹಲವು. ಕಾರ್ಖಾನೆಯಲ್ಲಿ ಉಕ್ಕನ್ನು ಕಡೆದ ಯಂತ್ರದ ಹಲ್ಲು ಸಣ್ಣ ಗೆರೆಗಳನ್ನು ಬಿಟ್ಟಿರಬಹುದು. ಬೋಲ್ಟು ಓಡಾಡುವ ಜಾಡಿನ ಅಂಚಿನಲ್ಲಿ ಉಕ್ಕಿನ ಕಿರು ಉಬ್ಬು ಉಳಿದು, ಪ್ರತಿ ಸಲವೂ ಬೋಲ್ಟಿನ ಮೈಯನ್ನು ತರಚುತ್ತಿರಬಹುದು. ಯಾರೋ ಒಣಗಿದ ಬೋಲ್ಟನ್ನು ಎಣ್ಣೆ ಇಲ್ಲದೆ ಆಡಿಸಿರಬಹುದು. ಮರಳಿನ ಕಣವೊಂದು ಸೇರಿರಬಹುದು. ಇಲ್ಲವೆ ಎರಡು ಹೊಸ ಉಕ್ಕುಗಳು ಒಂದನ್ನೊಂದು ಉಜ್ಜಿ ಹೊಂದಿಕೊಳ್ಳುತ್ತಿರುವ ಗುರುತು ಮಾತ್ರವೇ ಅದಾಗಿರಬಹುದು. ಈ ಕೊನೆಯದು ದೋಷವೇ ಅಲ್ಲ. ಹೊಸ ದೋಸೆಯ ಕಾವಲಿಯ ಮೇಲೆ ಮೊದಲ ನಾಲ್ಕು ದೋಸೆ ಏಳುವುದಿಲ್ಲ. ಅದಕ್ಕಾಗಿ ಯಾರೂ ಕಾವಲಿಯನ್ನು ಕಮ್ಮಾರನಿಗೆ ಹಿಂದಕ್ಕೆ ಕೊಡುವುದಿಲ್ಲ. ಅದನ್ನು ಪಳಗಿಸುತ್ತಾರೆ. ಬೋಲ್ಟನ್ನೂ ಹಾಗೆಯೇ, ತೋಟಾ ಇಲ್ಲವೆಂದು ಎರಡು ಸಲ ನೋಡಿ, ತೆಳುವಾಗಿ ಎಣ್ಣೆ ಸವರಿ, ಕೆಲವು ನೂರು ಸಲ ಹಿಂದೆ ಮುಂದೆ ಆಡಿಸಿದರೆ ಕರಕರ ಎನ್ನುವುದು ಎಷ್ಟೋ ವೇಳೆ ತಾನಾಗಿ ನಿಲ್ಲುತ್ತದೆ.

ಎಂದಮೇಲೆ ಗೀರು ಒಂದು ಸಾಕ್ಷಿ. ಎಲ್ಲಿ ಏನು ತಾಗುತ್ತಿದೆ ಎಂಬುದನ್ನು ಅದು ಹೇಳುತ್ತದೆ. ಸಾಕ್ಷಿಯ ಮಾತು ಕೇಳುವ ಮೊದಲೇ ಅವನ ಬಾಯಿ ಕಟ್ಟಿದರೆ ಮೊಕದ್ದಮೆ ಮುಗಿದಂತೆ ಕಾಣಬಹುದು. ಅಪರಾಧಿ ಮಾತ್ರ ಹೊರಗೆ ಓಡಾಡಿಕೊಂಡಿರುತ್ತಾನೆ. ಜಾಡಿನ ಉಬ್ಬನ್ನು ಹಾಗೆಯೇ ಬಿಟ್ಟು ಬೋಲ್ಟಿನ ಮೈಯನ್ನು ಎಷ್ಟು ಹೊಳೆಯಿಸಿದರೂ ಒಂದು ವಾರದಲ್ಲಿ ಅದೇ ಗೀರು ಅದೇ ಜಾಗದಲ್ಲಿ ಮೂಡುತ್ತದೆ. ಅನುಭವಸ್ಥನಾದ ಕೋವಿ ರಿಪೇರಿಯವನು ಮೊದಲು ಉಜ್ಜುವುದಿಲ್ಲ. ಎಣ್ಣೆಯನ್ನು ಒರಸಿ, ಬೋಲ್ಟಿನ ಮೈಗೆ ಮಸಿ ಹಚ್ಚಿ, ನಾಲ್ಕು ಸಲ ಆಡಿಸಿ, ಮಸಿ ಎಲ್ಲಿ ಅಳಿಸಿತೆಂದು ನೋಡುತ್ತಾನೆ. ಅಳಿಸಿದ ಕಡೆ ಉಕ್ಕು ಉಕ್ಕನ್ನು ಮುಟ್ಟುತ್ತಿದೆ ಎಂದು ಅರ್ಥ. ಆಮೇಲೆ ನುಣ್ಣನೆಯ ಎಣ್ಣೆಕಲ್ಲಿನಿಂದ ಆ ಉಬ್ಬನ್ನು ನಾಲ್ಕೈದು ಸಲ ಸವರಿ, ತೊಳೆದು, ಮತ್ತೆ ಮಸಿ ಹಚ್ಚಿ ನೋಡುತ್ತಾನೆ. ಅವನ ಕೆಲಸದಲ್ಲಿ ಉಜ್ಜುವುದಕ್ಕಿಂತ ನೋಡುವುದೇ ಹೆಚ್ಚು.

ನೋಡುವುದಕ್ಕೆ ಇಷ್ಟು ಮಹತ್ವವೇಕೆಂದರೆ, ಬೋಲ್ಟಿನಲ್ಲಿ ಎರಡು ಬಗೆಯ ಮುಖಗಳಿವೆ. ಕೆಲವು ಜಾರುವ ಮುಖಗಳು. ಬೋಲ್ಟಿನ ಉದ್ದನೆಯ ಮೈ, ಅದು ಓಡುವ ಜಾಡು, ಇವುಗಳ ಕೆಲಸ ಜಾರುವುದು. ಇವನ್ನು ಹದವರಿತು ನಯಗೊಳಿಸಿದರೆ ಒಳ್ಳೆಯದೇ. ಇನ್ನು ಕೆಲವು ಹೊರುವ ಮುಖಗಳು, ತಡೆಯುವ ಮುಖಗಳು. ಗೂಟಗಳ ಹಿಂಬದಿ ಭಾರ ಹೊರುತ್ತದೆ. ಅದನ್ನು ಸವೆಸಿದರೆ ಬೋಲ್ಟು ಸ್ವಲ್ಪ ಹಿಂದಕ್ಕೆ ಸರಿದು ತೋಟಾದ ಹಿಂದೆ ತೆರಪು ಹೆಚ್ಚುತ್ತದೆ. .30-06ರ ಕೋಣೆಯನ್ನು ಪರೀಕ್ಷಿಸುವ ಎರಡು ಅಳತೆಗೋಲುಗಳ ನಡುವೆ ಇರುವ ಅಂತರ ಅಂಗುಲದ ಸಾವಿರದ ಆರು ಭಾಗ. ಹೆಚ್ಚುಕಡಮೆ ಎರಡು ತಲೆಗೂದಲಿನ ದಪ್ಪ. ಅಷ್ಟರೊಳಗೆ ಸರಿ, ಅದನ್ನು ಮೀರಿದರೆ ತಪ್ಪು. ಇನ್ನೊಂದು ಮುಖ ಸೂಜಿಗೂಟವನ್ನು ಹಿಡಿದು ನಿಲ್ಲಿಸುವ ಕೊಂಡಿಯದು. ಬೆರಳು ಕುದುರೆಯನ್ನು ಎಳೆಯುವ ತನಕ ಗುಂಡು ಹಾರದಂತೆ ಕಾಯುವುದು ಆ ಪುಟ್ಟ ಅಂಚು. ಅದನ್ನು ಅತಿಯಾಗಿ ನಯಗೊಳಿಸಿದ ರೈಫಲ್ಲು, ಬೋಲ್ಟನ್ನು ರಭಸವಾಗಿ ಮುಚ್ಚಿದರೆ ಸಾಕು, ನೆಲಕ್ಕೆ ತಾಗಿದರೆ ಸಾಕು, ಯಾರ ಅಪ್ಪಣೆಯೂ ಇಲ್ಲದೆ ಹಾರಿಬಿಡಬಹುದು. ಜೊತೆಗೆ ಕೆಲವು ಬೋಲ್ಟುಗಳಲ್ಲಿ ಗಟ್ಟಿಯಾದ ಉಕ್ಕು ಮೇಲಿನ ಒಂದು ತೆಳು ಪದರ ಮಾತ್ರ, ಒಳಗಿನದು ಮೆತ್ತಗಿನದು. ಹೊಳಪಿನ ಆಸೆಯಿಂದ ಆ ಪದರವನ್ನು ದಾಟಿದವನು ಗೀರನ್ನು ತೆಗೆದು ಬಲವನ್ನೂ ತೆಗೆದಂತಾಯಿತು.

ಹೊರುವುದೂ ಜಾರುವುದೂ ಬೇರೆ ಬೇರೆ ಗುಣಗಳೆಂಬುದಕ್ಕೆ ರೈಫಲ್ಲಿನ ಚರಿತ್ರೆಯಲ್ಲಿಯೇ ಸಾಕ್ಷಿಯುಂಟು. ನಾರ್ವೆಯ ಓಲೆ ಕ್ರಾಗ್ ಮತ್ತು ಎರಿಕ್ ಯೋರ್ಗೆನ್‌ಸನ್ ಎಂಬಿಬ್ಬರು ರೂಪಿಸಿದ ರೈಫಲ್ಲನ್ನು ಡೆನ್ಮಾರ್ಕ್ 1889ರಲ್ಲಿಯೂ ಅಮೆರಿಕ 1892ರಲ್ಲಿಯೂ ನಾರ್ವೆ 1894ರಲ್ಲಿಯೂ ತಮ್ಮ ಸೈನ್ಯಗಳಿಗೆ ಆರಿಸಿಕೊಂಡವು. ಅದರ ಬೋಲ್ಟಿನಷ್ಟು ನಯವಾಗಿ ಓಡುವ ಬೋಲ್ಟು ಮತ್ತೊಂದಿಲ್ಲವೆಂದು ಬಲ್ಲವರು ಇಂದಿಗೂ ಹೊಗಳುತ್ತಾರೆ. ಆದರೆ ಅದರ ತಲೆಯ ಬಳಿ ಭಾರ ಹೊರುವ ಗೂಟ ಒಂದೇ ಒಂದು. 1898ರಲ್ಲಿ ಕ್ಯೂಬಾದಲ್ಲಿ ಸ್ಪೇನಿನವರ ಮೌಸರುಗಳನ್ನು ಎದುರಿಸಿದ ಮೇಲೆ ಅಮೆರಿಕದವರು ತಮ್ಮ ಕ್ರಾಗ್‌ಗೆ ಹೆಚ್ಚು ವೇಗದ ತೋಟಾ ಕೊಡಲು ಯತ್ನಿಸಿದರು. ಆ ಒಂಟಿ ಗೂಟ ಅಷ್ಟು ಭಾರಕ್ಕೆ ತಕ್ಕುದಾಗಿರಲಿಲ್ಲ. ಕಡೆಗೆ ಮೌಸರಿನ ಮಾದರಿಯನ್ನು ಅನುಸರಿಸಿ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್ಲನ್ನು ಮಾಡಿಕೊಳ್ಳಬೇಕಾಯಿತು. ನಯಕ್ಕೆ ಹೆಸರಾದದ್ದು ಬಲಕ್ಕೆ ಸೋತಿತು.

ಆ ಸ್ಪ್ರಿಂಗ್‌ಫೀಲ್ಡಿನ ಕಥೆ ಇನ್ನೂ ಗಂಭೀರವಾದದ್ದು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1917ರಲ್ಲಿ, ಆ ರೈಫಲ್ಲುಗಳಲ್ಲಿ ಕೆಲವು ಗುಂಡು ಹಾರಿಸುವಾಗಲೇ ಒಡೆದವು. ವಿಚಾರಿಸಿದಾಗ ತಿಳಿದದ್ದು ಇದು: ಉಕ್ಕನ್ನು ಕಾಯಿಸುವ ಹದವನ್ನು ನುರಿತ ಕೆಲಸಗಾರರು ಕೆಂಡದ ಬಣ್ಣ ನೋಡಿ ಕಣ್ಣಂದಾಜಿನಿಂದ ನಿರ್ಧರಿಸುತ್ತಿದ್ದರು. ಮೋಡದ ದಿನ ಕೆಂಪಗೆ ಕಂಡ ಉಕ್ಕು ಬಿಸಿಲಿನ ದಿನ ಅಷ್ಟು ಕೆಂಪಗೆ ಕಾಣುವುದಿಲ್ಲ. ಆದುದರಿಂದ ಬಿಸಿಲಿನ ದಿನ ಇನ್ನಷ್ಟು ಕಾಯಿಸುತ್ತಿದ್ದರು. ಉಷ್ಣಮಾಪಕ ಹಿಡಿದು ನೋಡಿದಾಗ ಎರಡಕ್ಕೂ 300 ಡಿಗ್ರಿ ಫ್ಯಾರನ್‌ಹೀಟಿನವರೆಗೆ ವ್ಯತ್ಯಾಸ ಕಂಡಿತು. ಅತಿಯಾಗಿ ಕಾದ ಉಕ್ಕು ಗಾಜಿನಂತೆ ಪೆಡಸಾಗಿತ್ತು. 1918ರಲ್ಲಿ ಕ್ರಮವನ್ನು ಬದಲಾಯಿಸಿದರು. ಆ ವೇಳೆಗೆ ಹಳೆಯ ಕ್ರಮದಲ್ಲಿ ಹತ್ತು ಲಕ್ಷಕ್ಕೂ ಮೀರಿ ರೈಫಲ್ಲುಗಳು ತಯಾರಾಗಿದ್ದವು. ಅಮೆರಿಕದ ಸೇನಾಧಿಕಾರಿ ಜೂಲಿಯನ್ ಹ್ಯಾಚರ್ 1947ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಇದನ್ನೆಲ್ಲ ವಿವರವಾಗಿ ಬರೆದಿಟ್ಟಿದ್ದಾರೆ. ಒಡೆಯುವ ರೈಫಲ್ಲಿಗೂ ಒಡೆಯದ ರೈಫಲ್ಲಿಗೂ ಹೊರಗಿನ ಹೊಳಪಿನಲ್ಲಿ ಭೇದವಿರಲಿಲ್ಲ. ಎರಡನ್ನೂ ಒಂದೇ ಕೈ ಉಜ್ಜಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಉಕ್ಕಿಗೂ ಸಲ್ಲುತ್ತದೆ.

ಇನ್ನು ಮನುಷ್ಯರ ಕಡೆ ತಿರುಗೋಣ. ಕನ್ನಡದಲ್ಲಿ ‘ನಯ’ ಎಂಬ ಪದಕ್ಕೆ ನುಣುಪು ಎಂದೂ ಅರ್ಥ, ಸೌಜನ್ಯ ಎಂದೂ ಅರ್ಥ, ನೀತಿ ಎಂದೂ ಅರ್ಥ. ವಿನಯ ಅದರ ಒಡಹುಟ್ಟು. ಆದರೆ ಅದೇ ಪದದಿಂದ ನಮ್ಮವರು ‘ನಯವಂಚಕ’ ಎಂಬ ಇನ್ನೊಂದು ಮಾತನ್ನೂ ಮಾಡಿಕೊಂಡಿದ್ದಾರೆ. ಒಂದೇ ಮನೆಯಲ್ಲಿ ವಿನಯವಂತನೂ ವಂಚಕನೂ ಹೇಗೆ ಹುಟ್ಟಿದರು? ಬೋಲ್ಟಿನ ಎರಡು ಮುಖಗಳನ್ನು ನೆನೆದರೆ ಇದಕ್ಕೆ ಉತ್ತರ ದೊರೆಯುತ್ತದೆ. ನಮ್ಮ ಬಾಳಿನಲ್ಲಿಯೂ ಜಾರುವ ಮುಖಗಳುಂಟು. ನೆರೆಯವನೊಡನೆ ಆಡುವ ಮಾತು, ಅತಿಥಿಯನ್ನು ಬರಮಾಡಿಕೊಳ್ಳುವ ರೀತಿ, ಸಿಟ್ಟು ಬಂದಾಗ ಹಿಡಿದುಕೊಳ್ಳುವ ನಾಲಗೆ. ಇಲ್ಲಿ ನಯ ಬೇಕು; ಇಲ್ಲಿ ಒರಟುತನವನ್ನೇ ಪ್ರಾಮಾಣಿಕತೆ ಎಂದು ಮೆರೆಸುವವನು ಎಣ್ಣೆ ಕಾಣದ ಬೋಲ್ಟಿನಂತೆ ತನ್ನನ್ನೂ ಇತರರನ್ನೂ ತರಚುತ್ತಾನೆ. ಹೊರುವ ಮುಖಗಳೂ ಉಂಟು. ಕೊಟ್ಟ ಮಾತು, ಬರೆದಿಟ್ಟ ಲೆಕ್ಕ, ಸಾಕ್ಷಿಕಟ್ಟೆಯಲ್ಲಿ ನಿಂತು ಆಡುವ ನುಡಿ. ಇವುಗಳ ಮೇಲೆ ಬೇರೆಯವರ ಭಾರ ನಿಂತಿರುತ್ತದೆ. ಇವನ್ನು ಕೇಳುವವರಿಗೆ ಹಿತವಾಗಲೆಂದು ಒಂದೊಂದು ಕೂದಲೆಳೆಯಷ್ಟೇ ಸವೆಸುತ್ತಹೋದರೂ ಒಂದು ದಿನ ತೆರಪು ಮಿತಿಮೀರುತ್ತದೆ. ವಿನಯವಂತನ ನಯ ಜಾರುವ ಮುಖದಲ್ಲಿ ನಿಲ್ಲುತ್ತದೆ. ವಂಚಕನ ನಯ ಹೊರುವ ಮುಖಕ್ಕೂ ಕೈಹಾಕುತ್ತದೆ. ಇಬ್ಬರ ಕೈಯಲ್ಲಿರುವ ಕಲ್ಲು ಒಂದೇ.

ನಯವಿಲ್ಲದಿರುವುದೇ ಗುಣವಾಗುವ ಸಂದರ್ಭಗಳನ್ನು ನಮ್ಮ ಹೆಂಗಸರು ಚೆನ್ನಾಗಿ ಬಲ್ಲರು. ನುಣುಪಾಗಿಹೋದ ಬೀಸುಕಲ್ಲು ಕಾಳನ್ನು ಒಡೆಯುವುದಿಲ್ಲ. ಅದಕ್ಕೆ ಉಳಿಯಿಂದ ಮತ್ತೆ ಕಚ್ಚು ಹೊಡೆಸುತ್ತಿದ್ದರು. ಕಚ್ಚುವುದು ಕಚ್ಚಬೇಕು.

ಬೋಲ್ಟನ್ನು ಮಾರುವವನ ಮುಂದೆಯೂ ಇದೇ ಪ್ರಶ್ನೆ ಬರುತ್ತದೆ. ತನ್ನ ರೈಫಲ್ಲಿನ ಬೋಲ್ಟು ಸರಾಗವಾಗಿ ಓಡಲೆಂದು ಉಜ್ಜುವವನು ವಸ್ತುವಿನ ಸೇವೆ ಮಾಡುತ್ತಾನೆ. ಬಿದ್ದು ಪೆಟ್ಟಾದ ಬೋಲ್ಟನ್ನು ಕೊಳ್ಳುವವನ ಕಣ್ಣಿಗೆ ಹೊಸದೆಂದು ತೋರಲೆಂದು ಉಜ್ಜುವವನೂ ಅದೇ ಚಲನೆಯಿಂದ, ಅದೇ ಎಣ್ಣೆಯಿಂದ ಉಜ್ಜುತ್ತಾನೆ. ನೋಡುತ್ತ ನಿಂತವನಿಗೆ ಇಬ್ಬರಲ್ಲಿ ಭೇದ ಕಾಣದು. ಭೇದವಿರುವುದು ಒಂದು ಮಾತಿನಲ್ಲಿ: ‘ಇಲ್ಲಿ ಗೀರಿತ್ತು, ಇದಕ್ಕಾಗಿ ತೆಗೆದೆ’ ಎಂದು ಕೊಳ್ಳುವವನಿಗೆ ಹೇಳಬಲ್ಲನೆ? ಹೇಳಬಲ್ಲವನದು ರಿಪೇರಿ, ಹೇಳಲಾರದವನದು ಮುಚ್ಚಿಡುವ ಕೆಲಸ.

ಇಲ್ಲಿಯವರೆಗೆ ತಾಳ್ಮೆಯಿಂದ ಓದಿದವರೊಬ್ಬರು ಈಗ ಒಂದು ಆಕ್ಷೇಪವನ್ನೆತ್ತಬಹುದು. ‘ನೀವು ಹೇಳುತ್ತಿರುವುದು ಕೊಲ್ಲುವ ಉಪಕರಣದ ವಿಷಯ. ಕೊಲ್ಲುವುದನ್ನು ಅಂದವಾಗಿ, ಸರಾಗವಾಗಿ ಮಾಡುವುದರಲ್ಲಿ ಎಂಥ ನೀತಿ? ಬೋಲ್ಟು ಕರಕರ ಎಂದರೆ ಎನ್ನಲಿ, ಸಿಕ್ಕಿಕೊಂಡರೆ ಇನ್ನೂ ಒಳ್ಳೆಯದು.’ ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 1914ರ ಆಗಸ್ಟಿನಲ್ಲಿ ಬೆಲ್ಜಿಯಮಿನ ಮೋನ್ಸ್ ಊರಿನ ಬಳಿ ಬ್ರಿಟಿಷ್ ಸಿಪಾಯಿಗಳ ಕೈಯಲ್ಲಿ ಲೀ-ಎನ್‌ಫೀಲ್ಡ್ ರೈಫಲ್ಲುಗಳಿದ್ದವು. ಅವುಗಳ ಬೋಲ್ಟಿನ ಓಟ ಗಿಡ್ಡ, ಚಲನೆ ಸರಾಗ. 300 ಗಜ ದೂರದ ಗುರಿಗೆ ನಿಮಿಷಕ್ಕೆ 15 ಗುಂಡು ಹೊಡೆಯಬೇಕೆಂದು ಆ ಸಿಪಾಯಿಗಳಿಗೆ ತರಬೇತಾಗಿತ್ತು. ಅಲ್ಲಿ ನಯವೆಂದರೆ ಒಂದು ಸಾವಿಗೂ ಮುಂದಿನ ಸಾವಿಗೂ ನಡುವೆ ಇದ್ದ ನಾಲ್ಕು ಸೆಕೆಂಡು. ಅಂಥ ಬೋಲ್ಟನ್ನು ಉಜ್ಜಿ ಹದಗೊಳಿಸಿದ ಕಾರ್ಖಾನೆಯ ಕೆಲಸಗಾರ ತಾನು ಉಕ್ಕನ್ನಷ್ಟೇ ಮುಟ್ಟಿದೆನೆಂದು ಹೇಳಿದರೆ ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಆದರೆ ಇನ್ನೊಂದು ಕಡೆಯೂ ನೋಡಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಸ್ವಪ್ನಿಲ್ ಕುಸಾಳೆ ಕಂಚಿನ ಪದಕ ಗೆದ್ದರು. ಆ ಸ್ಪರ್ಧೆಯಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ಮಂಡಿಯೂರಿ, ಮಲಗಿ, ನಿಂತು, ಅರ್ಹತಾ ಸುತ್ತಿನಲ್ಲಿಯೇ 60 ಗುಂಡು. ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಾರೆ ತೆರೆದು ಮುಚ್ಚಬೇಕು. ಬೋಲ್ಟು ಒಂದಿಷ್ಟು ತಡೆದರೂ ಕಟ್ಟಿಕೊಂಡ ಭಂಗಿ ಕದಲುತ್ತದೆ. ಅಲ್ಲಿ ನಯ ಯಾರನ್ನೂ ಕೊಲ್ಲುವುದಿಲ್ಲ. ಒಬ್ಬ ಮನುಷ್ಯನ ಏಕಾಗ್ರತೆಯನ್ನು ಕಾಪಾಡುತ್ತದೆ.

ನಮ್ಮ ಕೊಡಗಿನಲ್ಲಿ ಈ ಎರಡು ನೋಟಗಳೂ ಒಂದೇ ಮನೆಯಲ್ಲಿ ಬಾಳುತ್ತಿವೆ. ಸೆಪ್ಟೆಂಬರ್ ಮೊದಲ ವಾರದಲ್ಲಿ, ನಾಟಿಯ ಕೆಲಸ ಮುಗಿದ ಮೇಲೆ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿ ಕತ್ತಿಗಳನ್ನು ತೊಳೆದು, ಎಣ್ಣೆ ಹಚ್ಚಿ, ತೋಕ್ ಪೂ ಎಂಬ ಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ತೋಕ್ ಎಂದರೆ ಕೊಡವ ಭಾಷೆಯಲ್ಲಿ ಕೋವಿ. ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ನಡೆಯುತ್ತದೆ. ಮಗು ಹುಟ್ಟಿದರೂ ಹಿರಿಯರು ತೀರಿಕೊಂಡರೂ ಕೋವಿಯ ಸದ್ದು ಕೇಳುವ ನಾಡು ಅದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿಯುಂಟು. ಬ್ರಿಟಿಷರ ಕಾಲದಿಂದ ಬಂದ ಈ ಏರ್ಪಾಟನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ರಾಜ್ಯದ ಉಚ್ಚ ನ್ಯಾಯಾಲಯ 2021ರಲ್ಲಿ ಅದನ್ನು ಎತ್ತಿಹಿಡಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಅದರ 1991ರ ತಿದ್ದುಪಡಿ, ಇವುಗಳ ತರುವಾಯ ಬೇಟೆಯ ಕಾಲ ಮುಗಿಯಿತು. ಕೋವಿ ಉಳಿಯಿತು; ಅದಕ್ಕೆ ಎಣ್ಣೆ ಹಚ್ಚುವ ಕೈಯೂ ಉಳಿಯಿತು. ಬೇಟೆಯಿಲ್ಲದೆ ಕೋವಿಯೇಕೆ ಎಂದು ಕೇಳುವವರಿದ್ದಾರೆ. ಪೂಜೆಯ ದಿನ ಕೆಳಗಿಟ್ಟ ಕೋವಿಯನ್ನು ಪೂಜೆ ಮುಗಿಯುವ ತನಕ ಯಾರೂ ಕೈಗೆತ್ತಿಕೊಳ್ಳುವುದಿಲ್ಲ ಎಂಬುದನ್ನು ಅವರು ಗಮನಿಸಬೇಕು. ಆಯುಧವನ್ನು ಗೌರವಿಸುವುದೆಂದರೆ ಅದನ್ನು ಬಳಸುವ ಆತುರವಲ್ಲ. ಅದನ್ನು ಕೆಳಗಿಡುವ ದಿನವೂ ಒಂದಿದೆ ಎಂಬ ಅರಿವು.

ಆದುದರಿಂದ ಆಕ್ಷೇಪಕ್ಕೆ ನನ್ನ ಉತ್ತರ ಇಷ್ಟು. ಸಿಕ್ಕಿಕೊಳ್ಳುವ ಬೋಲ್ಟು ಯಾರನ್ನೂ ಅಹಿಂಸಾವಾದಿಯನ್ನಾಗಿ ಮಾಡುವುದಿಲ್ಲ. ಅವನನ್ನು ಒರಟನನ್ನಾಗಿ, ಅಪಾಯಕಾರಿಯನ್ನಾಗಿ ಮಾತ್ರ ಮಾಡುತ್ತದೆ. ಅರ್ಧ ಮುಚ್ಚಿದ ಬೋಲ್ಟಿನ ಹಿಂದೆ ಸಿಟ್ಟಿನಿಂದ ಗುದ್ದುವ ಕೈಗಿಂತ ಕೆಟ್ಟ ಕೈ ಇಲ್ಲ. ಕೊಲ್ಲಬೇಡವೆಂಬ ತಡೆಯನ್ನು ಉಕ್ಕಿನ ದೋಷಕ್ಕೆ ಒಪ್ಪಿಸುವುದು ನಮ್ಮ ಕರ್ತವ್ಯವನ್ನು ಗೀರಿಗೆ ಗುತ್ತಿಗೆ ಕೊಟ್ಟಂತೆ. ತಡೆ ಇರಬೇಕಾದದ್ದು ತಡೆಗಾಗಿಯೇ ಇರುವ ಜಾಗದಲ್ಲಿ. ರೈಫಲ್ಲಿನಲ್ಲಿ ಅದು ಸೂಜಿಗೂಟವನ್ನು ಹಿಡಿಯುವ ಆ ಪುಟ್ಟ ಅಂಚು. ಮನುಷ್ಯನಲ್ಲಿ ಅದು ಮಾಡುವ ಮೊದಲು ಒಂದು ಗಳಿಗೆ ನಿಲ್ಲುವ ಮನಸ್ಸು. ಬೋಲ್ಟಿನ ಮೈಯನ್ನು ನಯಗೊಳಿಸುವವನ ಮೇಲೆ ನನ್ನ ದೂರಿಲ್ಲ. ಆ ಅಂಚನ್ನು ನಯಗೊಳಿಸುವವನ ಮೇಲೆ ದೂರಿದೆ. ಕ್ರೌರ್ಯಕ್ಕೆ ನುಣ್ಣನೆಯ ಹೆಸರುಗಳನ್ನು ಹುಡುಕಿ, ಅಂಜುವ ಮನಸ್ಸಿನ ಕಚ್ಚನ್ನು ದಿನದಿನವೂ ಸವೆಸುವವರು ಕಾರ್ಖಾನೆಗಳಲ್ಲಿ ಇರಬೇಕೆಂದೇನೂ ಇಲ್ಲ; ಸಭೆಗಳಲ್ಲಿ, ಪತ್ರಿಕೆಗಳಲ್ಲಿ, ಮನೆಯ ಜಗಲಿಗಳಲ್ಲಿಯೂ ಇರುತ್ತಾರೆ. ಆ ಅಂಚು ಸವೆದ ಮೇಲೆ ಬೆರಳು ಕುದುರೆಯನ್ನು ಎಳೆಯಬೇಕಾಗಿಯೂ ಇಲ್ಲ. ನೆಲಕ್ಕೆ ತಾಗಿದರೆ ಸಾಕು.

ಕಡೆಗೆ, ಹೊಸ ರೈಫಲ್ಲಿನ ಒಡೆಯನಿಗೆ ಉಳಿಯುವ ಬುದ್ಧಿ ಸರಳವಾದದ್ದು. ಗೀರನ್ನು ಮೊದಲು ಓದಬೇಕು. ಅದರ ಕಾರಣ ಜಾರುವ ಮುಖದಲ್ಲಿದ್ದರೆ ಆ ಕಾರಣವನ್ನು ತೆಗೆಯಬೇಕು, ಬೇಕಾದಷ್ಟೇ ತೆಗೆಯಬೇಕು. ಹೊರುವ ಮುಖದಲ್ಲಿದ್ದರೆ ತಾನು ಕೈಹಾಕದೆ ಪರವಾನಗಿಯುಳ್ಳ ರಿಪೇರಿಯವನಿಗೋ ಮಾಡಿದ ಕಾರ್ಖಾನೆಗೋ ಹಿಂದಕ್ಕೆ ಕೊಡಬೇಕು. ಉಬ್ಬು ಹೋಗಿ ಬೋಲ್ಟು ಸರಾಗವಾಗಿ ಓಡತೊಡಗಿದ ಮೇಲೆಯೂ ಆಳವಾದ ಗೀರು ಬಹುಶಃ ಅಲ್ಲಿಯೇ ಇರುತ್ತದೆ. ಅದರ ತಳ ಮುಟ್ಟುವ ತನಕ ಉಜ್ಜಬೇಕಾದರೆ ಸುತ್ತಲಿನ ಒಳ್ಳೆಯ ಉಕ್ಕನ್ನೆಲ್ಲ ಕಳೆಯಬೇಕಾಗುತ್ತದೆ. ಅದು ಇರಲಿ. ತುಕ್ಕು ಹಿಡಿಯದಂತೆ ಅದರೊಳಗೆ ಒಂದು ಹನಿ ಎಣ್ಣೆ ನಿಲ್ಲಿಸಿದರೆ ಸಾಕು.